ನಲವತ್ತೆರಡು ನರ್ಸುಗಳ ಅಳತೆ ಬಚ್ಚಿಟ್ಟ ಆಟ್ರಿಬ್ ಸಾಹೇಬರಿಗೆ

ಕಂಪ್ಯೂಟರಿನ ಕಪ್ಪು ಕಿಟಕಿಯೊಳಗೆ ವಾಸವಾಗಿದ್ದು, ಫೈಲು ಫೋಲ್ಡರುಗಳಿಗೆ ಗುಣಲಕ್ಷಣ ಹಚ್ಚುವ ಆಟ್ರಿಬ್ ಕಮಾಂಡ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ, ನಾನು ಕ್ಷೇಮವಾಗಿಲ್ಲ. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವನು ನಾನು, ತಮ್ಮಂಥ ದೊಡ್ಡವರಿಗೆ ಬರೆಯುವಾಗ ಎಲ್ಲಿ ಮರ್ಯಾದೆ ಕಡಿಮೆಯಾದೀತೋ ಎಂದು ಹೆದರಿ ಈಗಾಗಲೇ ಮೂರು ಹಾಳೆ ಹರಿದಿದ್ದೇನೆ.

ಆಸ್ಪತ್ರೆಯ ನಲವತ್ತೆರಡು ನರ್ಸುಗಳ ಸಮವಸ್ತ್ರ ಹೊಲಿಯುವ ಕೆಲಸ ನನಗೆ ಸಿಕ್ಕಿತ್ತು. ನನ್ನ ಪುಟ್ಟ ಅಂಗಡಿ ಇಷ್ಟು ದೊಡ್ಡ ಕೆಲಸ ಕಂಡಿರಲೇ ಇಲ್ಲ. ಸೋಮವಾರ ಬಟ್ಟೆ ತಲುಪಬೇಕಿತ್ತು. ಅಳತೆಗಳನ್ನೆಲ್ಲ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿಟ್ಟಿದ್ದೆ. ಗಿರಾಕಿಯೊಬ್ಬರು ಕೌಂಟರಿನ ಮೇಲಿಂದ ಬಗ್ಗಿ ಯಾರದೋ ಸೊಂಟದ ಅಳತೆ ಓದಿ "ಅಬ್ಬಬ್ಬಾ" ಎಂದಾಗ, ಇದನ್ನು ಬಚ್ಚಿಡಲೇಬೇಕೆಂದು ನಿರ್ಧರಿಸಿದೆ. ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಭಾವಮೈದುನ, ಆಟ್ರಿಬ್ ಎಂಬ ತಮ್ಮ ಹೆಸರಿನಿಂದ ಶುರುವಾಗುವ ಒಂದು ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟು, "ಪ್ಲಸ್ ಹೆಚ್ ಅಂದ್ರೆ ಬಚ್ಚಿಡು, ಮೈನಸ್ ಹೆಚ್ ಅಂದ್ರೆ ತೋರ್ಸು. ಒಂದೇ ಸಲ ಎಂಟರ್ ಒತ್ತಿ ಸುಮ್ನೆ ಬಿಟ್ಬಿಡಿ ಭಾವ, ತಡಕಾಡ್ಬೇಡಿ" ಎಂದು ಹೋದ.

ಒತ್ತಿದೆ. ತಾವು ಆಯಿತು ಎನ್ನಲಿಲ್ಲ, ಆಗಲಿಲ್ಲ ಎನ್ನಲಿಲ್ಲ. ನಾನೋ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಮನುಷ್ಯ. ಚೀಟಿಯ ತಳದಲ್ಲಿ "ಬೇಕಿದ್ದರೆ" ಎಂದು ಬರೆದಿದ್ದ ಇನ್ನೆರಡು ಪ್ಲಸ್ಸುಗಳನ್ನೂ, ಅಂದರೆ ಯಾರೂ ತಿದ್ದಬಾರದೆಂಬ ಆರ್ ಅನ್ನೂ, ಇದು ಕಂಪ್ಯೂಟರಿನ ಸ್ವಂತ ಸೊತ್ತೆಂಬ ಎಸ್ ಅನ್ನೂ ಸೇರಿಸಿ, ಭದ್ರವಾಗಲೆಂದು ಐದು ಸಲ ಒತ್ತಿದೆ.

ಮರುದಿನ ಫೋಲ್ಡರು ನನಗೂ ಕಾಣಲಿಲ್ಲ. ಅದೇ ಹೆಸರಿನ ಹೊಸದನ್ನು ಮಾಡಹೋದರೆ, ಆ ಹೆಸರಿನದು ಇಲ್ಲೇ ಇದೆ ಎಂಬ ಉತ್ತರ. ಮೈನಸ್ ಹೆಚ್ ಎಂದು ಕೈಮುಗಿದು ಟೈಪ್ ಮಾಡಿದೆ. ಆಗ ತಾವು ಮೊದಲ ಬಾರಿ ಬಾಯಿಬಿಟ್ಟಿರಿ: ಕಂಪ್ಯೂಟರಿನ ಸ್ವಂತ ಸೊತ್ತನ್ನು ಬದಲಾಯಿಸುವುದಿಲ್ಲ. ಎಂಥ ನಿಷ್ಠೆ, ಮಾನ್ಯರೇ. ನನ್ನ ತಂಗಿಗೆ ಬೆಳಿಗ್ಗೆ ಹೇಳಿದ ಗುಟ್ಟು ಮಧ್ಯಾಹ್ನಕ್ಕೆ ಮೂರು ಬೀದಿ ದಾಟಿರುತ್ತದೆ. ತಾವು ಇಟ್ಟವನಿಗೇ ಹೇಳಲಿಲ್ಲ.

ಭಾವಮೈದುನ ಫೋನಿಗೆ ಸಿಗಲಿಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. "ಮತ್ತೆ ಅಳತೆನಾ ಟೈಲರ್ರೇ? ಒಂದು ವಾರದಲ್ಲಿ ನಾವೇನು ಬೆಳೆದುಬಿಟ್ವಾ? ಸೋಮವಾರ ಬಟ್ಟೆ ಬರ್ಲಿಲ್ಲ ಅಂದ್ರೆ ಮುಂದಿನ ಆರ್ಡರು ಬೇರೆಯವ್ರಿಗೆ" ಎಂದರು ಹೆಡ್ ನರ್ಸ್. ಮೂರು ಪಾಳಿ ಕಾದು, ಇಂಜೆಕ್ಷನ್ ಟ್ರೇ ಹಿಡಿದವರ ತೋಳನ್ನೂ ಬಿಡದೆ, ನಲವತ್ತೆರಡು ಜನರ ಅಳತೆಯನ್ನೂ ಕಾಗದದಲ್ಲಿ ಬರೆದುಕೊಂಡು ಬಂದೆ. ಮನೆಮಂದಿಯೆಲ್ಲ ಗುಂಡಿ ಹಾಕಲು ಕೂತರು. ಸೋಮವಾರ ಹತ್ತಕ್ಕೆ ಬಟ್ಟೆ ತಲುಪಿತು, ಹೆಡ್ ನರ್ಸ್ ಹೊಸದನ್ನು ತೊಟ್ಟು ತೋಳೆತ್ತಿ ಇಳಿಸಿ ನೋಡಿ, "ಮುಂದಿನದೂ ನೀವೇ ಹೊಲೀರಿ. ಆದ್ರೆ ಟೇಪು ಒಂದೇ ಸಲ" ಎಂದರು. ಹತ್ತೂವರೆಗೆ ಭಾವಮೈದುನ ಬಂದು, "ಎಸ್ಸೂ ಹೆಚ್ಚೂ ಒಟ್ಟಿಗೆ ತೆಗೀಬೇಕು ಭಾವ, ಅಷ್ಟೇ" ಎಂದು ಒಂದು ಸಾಲು ಒತ್ತಿದ. ಫೋಲ್ಡರು ನೆಂಟರ ಮನೆಗೆ ಹೋಗಿದ್ದವರ ಹಾಗೆ ಬಂದು ಕೂತಿತು.

ಆದ್ದರಿಂದ ನನ್ನ ಪ್ರಾರ್ಥನೆ ಸಣ್ಣದು. ಕೆಲಸ ಮುಗಿದಾಗ ಒಂದು ಹೂಂ ಅನ್ನಿ, ಕೆಮ್ಮಿದರೂ ಸಾಕು. ಆ ಗಿರಾಕಿಗೆ ದಯವಿಟ್ಟು ಪ್ಲಸ್ ಹೆಚ್ ಹಚ್ಚಿ. ನಲವತ್ತೆರಡು ಸೊಂಟಗಳಿಗೂ ಮುಂದಿನ ವರ್ಷದವರೆಗೆ ಪ್ಲಸ್ ಆರ್ ಹಚ್ಚಿ, ಒಂದಿಂಚೂ ತಿದ್ದುಪಡಿಯಾಗದಿರಲಿ. ನನ್ನ ಚಿಂತೆಗಳಿಗೆ ಮಾತ್ರ ಏನನ್ನೂ ಹಚ್ಚಬೇಡಿ, ಅವು ಈಗಲೇ ಯಾವ ಮೈನಸ್ಸಿಗೂ ಬಗ್ಗುವುದಿಲ್ಲ.

ತಮ್ಮ ಮೌನದ ಅರ್ಥ ಇನ್ನೂ ತಿಳಿಯದ,
ತಮ್ಮ ವಿಶ್ವಾಸಿ,
ಟೈಲರ್

ತಾ.ಕ.: ಈ ಪತ್ರದ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲೂ ಇಟ್ಟಿದ್ದೇನೆ. ನಾಳೆ ಅದು ಕಾಣದೇ ಹೋದರೆ, ತಮಗೆ ತಲುಪಿತೆಂದು ತಿಳಿಯುತ್ತೇನೆ.