ಪುಕ್ಕಟೆ ಪೋಕರ್ ಮತ್ತು ಲಕ್ಷ್ಮೀಬಾಯಿಯವರ ಮನೆ

ಪೋಕರ್ ಎಂಬ ಇಸ್ಪೀಟಾಟಕ್ಕೆ ಬೇಕಾದ ಸಕಲ ಗುಣಗಳೂ ನನ್ನಲ್ಲಿ ಹುಟ್ಟಿನಿಂದಲೇ ಇವೆ ಎಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನನ್ನ ಹೆಂಡತಿ ಶಾರದಾ ನನ್ನ ತಾಳ್ಮೆಯನ್ನು ಸೋಮಾರಿತನವೆಂದೂ, ನನ್ನ ಗಾಂಭೀರ್ಯವನ್ನು ಅಜೀರ್ಣವೆಂದೂ ಕರೆಯುತ್ತಿದ್ದಳು.

ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರಿನ ಸುಗ್ಗಿ. ಗಚ್ಚಿಬೌಲಿಯ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ನಾನು ಮಾತ್ರ ಊರಿನ ಈ ತುದಿಯಲ್ಲಿ, ನಾಚಾರಂನ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದೆ. ಆ ಸುಗ್ಗಿಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ. ಅದರ ಕೃಪೆಯಿಂದ ಪ್ರತಿ ಭಾನುವಾರ ಮಧ್ಯಾಹ್ನ ಪುಕ್ಕಟೆ ಪೋಕರ್ ಟೂರ್ನಮೆಂಟ್ ಆಡತೊಡಗಿದೆ. ಪ್ರವೇಶಕ್ಕೆ ದುಡ್ಡಿಲ್ಲ, ಸೋತರೆ ನಷ್ಟವಿಲ್ಲ, ಗೆದ್ದರೆ ಇನ್ನೊಂದು ಟೂರ್ನಮೆಂಟಿಗೆ ಟಿಕೆಟ್ಟು. ನಮ್ಮಂಥವರಿಗೆ ಹೇಳಿ ಮಾಡಿಸಿದ ಜೂಜು!

ಆಟ ಕಷ್ಟವಲ್ಲ. ನಿಮಗೆ ಮಾತ್ರ ಕಾಣುವ ಎರಡು ಎಲೆ, ಎಲ್ಲರಿಗೂ ಕಾಣುವ ಐದು ಎಲೆ. ಎಲೆ ಚೆನ್ನಾಗಿದ್ದರೆ ದುಡ್ಡಿನ ಬದಲಿಗೆ ಕೊಟ್ಟ ಬಿಲ್ಲೆಗಳನ್ನು ಪಣಕ್ಕಿಡಬೇಕು, ಇಲ್ಲದಿದ್ದರೆ ಎಲೆ ಬಿಟ್ಟು ಸುಮ್ಮನೆ ಕೂರಬೇಕು. ಕೆಟ್ಟ ಎಲೆ ಇಟ್ಟುಕೊಂಡು ಒಳ್ಳೆಯದಿದೆ ಎಂದು ನಟಿಸಿ ಎದುರಿನವನನ್ನು ಓಡಿಸುವ ವಿದ್ಯೆಯೂ ಉಂಟು. ಅದಕ್ಕೆ ಬ್ಲಫ್ ಎನ್ನುತ್ತಾರೆ. ಹೊಸಬರಿಗಾಗಿ ಬರೆದ ಉಪದೇಶಗಳನ್ನೆಲ್ಲ ನಾನು ಭಕ್ತಿಯಿಂದ ಓದಿದೆ. ಮೊದಲನೆಯದು, ಕಾಯಬೇಕು. ಎರಡನೆಯದು, ಮನಸ್ಸಿನಲ್ಲಿರುವುದನ್ನು ತೋರಿಸಬಾರದು. ಪುಕ್ಕಟೆ ಆಟದಲ್ಲಿ ಬ್ಲಫ್ ಮಾಡಬಾರದು, ಕಳೆದುಕೊಳ್ಳಲು ಏನೂ ಇಲ್ಲದವರು ಹೆದರುವುದಿಲ್ಲ ಎಂದು ಇನ್ನೊಂದು ಮಾತೂ ಇತ್ತು. ಅದನ್ನು ಸಾಮಾನ್ಯರಿಗಾಗಿ ಬರೆದದ್ದೆಂದು ತಿಳಿದು ಮುಂದಕ್ಕೆ ಹೋದೆ.

ಹೀಗಾಗಿ ಪ್ರತಿ ಭಾನುವಾರ ಚಹಾ ಆರುವ ಮೊದಲೇ ಸೋತು ಎದ್ದುಬಿಡುತ್ತಿದ್ದೆ. ತಂತ್ರದಲ್ಲಿ ತಪ್ಪಿಲ್ಲ, ಎದುರಾಳಿಗಳು ತಂತ್ರ ಓದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಮ್ಮ ಬಾಡಿಗೆ ಮನೆಯ ಮಾಲೀಕರು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವುದಾಗಿ ಹೇಳಿ, ತಿಂಗಳೊಳಗೆ ಖಾಲಿ ಮಾಡಲು ತಿಳಿಸಿದರು. ನೋಡಿದ ಮನೆಗಳೆಲ್ಲ ಎರಡನೇ ಮಹಡಿ, ಮೂರನೇ ಮಹಡಿ. ಜೊತೆಗಿದ್ದ ನನ್ನ ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಕೊನೆಗೆ ಶಾರದಾ ಹೇಗೋ ಲಕ್ಷ್ಮೀಬಾಯಿಯವರ ಮನೆ ಹುಡುಕಿದಳು. ಲಕ್ಷ್ಮೀಬಾಯಿ ಬೀದರ್ ಕಡೆಯವರು, ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡಿದ್ದರು. ಹಿಂದಿನ ಭಾಗದಲ್ಲಿ ತಾವಿದ್ದು ಮುಂದಿನ ಭಾಗವನ್ನು ಬಾಡಿಗೆಗೆ ಕೊಡುವವರಿದ್ದರು.

ನೋಡಲು ಹೋದೆವು. ಒಂದೇ ಒಂದು ಮೆಟ್ಟಿಲಿಲ್ಲ! ಅಂಗಳದಲ್ಲಿ ಕಟ್ಟೆ, ಕಟ್ಟೆಯ ಮೇಲೆ ಬೇವಿನ ನೆರಳು. ಅವ್ವ ಅಲ್ಲಿ ಕೂತು ಸೊಪ್ಪು ಸೋಸುವುದು ನನ್ನ ಕಣ್ಣಿಗೆ ಕಟ್ಟಿತು. ಕುಣಿದಾಡುವಷ್ಟು ಸಂತೋಷವಾಯಿತು. ತಕ್ಷಣ ಎರಡನೆಯ ಉಪದೇಶ ನೆನಪಾಗಿ ಮುಖವನ್ನು ಕಲ್ಲು ಮಾಡಿಕೊಂಡೆ.

"ಹ್ಯಾಂಗ ಅನಿಸ್ತರಿ ಮನಿ?" ಎಂದು ಲಕ್ಷ್ಮೀಬಾಯಿ ಕೇಳಿದರು.

"ನೋಡೂಣಂತ್ರಿ. ಅಡಿಗಿ ಮನಿ ಜರಾ ಕತ್ತಲ ಐತಿ."

"ಕತ್ತಲ? ಬಿಸಲು ನಿಮ್ಮ ಮಾರಿ ಮ್ಯಾಲೇ ಬೀಳಾಕತ್ತೈತಲ್ರಿ!"

ನಾನು ಬಿಸಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಅಂಗಳ ಸಣ್ಣದೆಂದೆ. ಬೇವಿನ ಮರದಿಂದ ಕಸ ಬೀಳುತ್ತದೆಂದೆ. ಅವರು ಏಲಕ್ಕಿ ಹಾಕಿ ಮಾಡಿಕೊಟ್ಟ ಚಹಾ ಅಮೃತದಂತಿತ್ತು. ಉತ್ಸಾಹ ತೋರಿಸಬಾರದೆಂದು ಅದನ್ನೂ ಅರ್ಧಕ್ಕೆ ಬಿಟ್ಟೆ! ಲಕ್ಷ್ಮೀಬಾಯಿ ಆ ಕಪ್ಪನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಬೀದಿಗೆ ಬಂದದ್ದೇ ಶಾರದಾ ತಿರುಗಿಬಿದ್ದಳು. "ಏನ್ರಿ ಅದು ಮಾರಿ? ಹೊಟ್ಟಿ ಬ್ಯಾನಿ ಎದ್ದಿತ್ತೇನು?"

"ಇದಕ್ಕ ತಂತ್ರ ಅಂತಾರ. ನಾವು ಆಸೆ ತೋರಿಸಿದ್ರ ಆಕಿ ಬಾಡಿಗಿ ಏರಸ್ತಾಳ."

"ಆಕಿ ಬಾಡಿಗಿ ಮಾತೇ ತಗದಿಲ್ಲ!"

"ಅದೇ ಆಕಿ ತಂತ್ರ," ಎಂದೆ. ಶಾರದಾ ನನ್ನನ್ನು ಹಿಂದೆ ಬಿಟ್ಟು ಸರಸರನೆ ನಡೆದಳು.

ಮುಂದೆ ಮೊದಲನೆಯ ಉಪದೇಶದ ಪ್ರಕಾರ ಕಾದೆ. ಲಕ್ಷ್ಮೀಬಾಯಿಯೇ ಫೋನ್ ಮಾಡಿ ಅಂಗಲಾಚಬೇಕು ಎಂಬುದು ನನ್ನ ಯೋಜನೆ. ಫೋನ್ ಬರಲಿಲ್ಲ. ಬಂದದ್ದು ಸುದ್ದಿ. ಯಾರೋ ಸಾಫ್ಟ್‌ವೇರ್ ದಂಪತಿ ಕಾರಿನಲ್ಲಿ ಬಂದು ಅದೇ ಮನೆ ನೋಡಿಹೋದರಂತೆ. ಆದರೆ ನುರಿತ ಆಟಗಾರ ಎದೆಗುಂದಬಾರದಷ್ಟೇ? ಬ್ರಹ್ಮಾಸ್ತ್ರ ಬಿಡಲು ನಾನೇ ಫೋನ್ ಮಾಡಿದೆ.

"ನಮಗ ತಾರ್ನಾಕಾದಾಗ ಬ್ಯಾರೆ ಮನಿ ಸಿಕ್ಕೈತ್ರಿ. ನಿಮ್ಮದೇನು ಅಂತ ಇವತ್ತೇ ಹೇಳಿಬಿಡ್ರಿ."

"ಹೌದೇನ್ರಿ? ಭಾಳ ಚಲೋ ಆತು ನೋಡ್ರಿ! ನಿಮ್ಮ ಅವ್ವಾರಿಗೆ ಮೊಣಕಾಲ ನೋವಂತ ನಿಮ್ಮ ಮನಿಯವ್ರು ಅಂದಿದ್ರು. ಆ ಮನಿಗೆ ಮೆಟ್ಟಲ ಇಲ್ಲಲ್ಲ?"

"ಇಲ್ರಿ," ಎಂದೆ. ಇಲ್ಲದ ಮನೆಗೆ ಮೆಟ್ಟಿಲು ಎಲ್ಲಿಂದ ಬರಬೇಕು!

ಅವರು ನಮ್ಮನ್ನು ಮನಸಾರೆ ಹರಸಿ ಫೋನ್ ಇಟ್ಟರು. ಆಗ ನನಗೆ ಹೊಳೆಯಿತು. ಅವರಿಗೆ ಗಂಡನ ಪಿಂಚಣಿ ಬರುತ್ತಿತ್ತು. ಮನೆ ಖಾಲಿ ಬಿದ್ದರೂ ಅವರು ಕಳೆದುಕೊಳ್ಳುವುದೇನೂ ಇರಲಿಲ್ಲ. ಕಳೆದುಕೊಳ್ಳುವವರು ನಾವು. ಯಾರ ಮುಂದೆ ಬ್ಲಫ್ ಮಾಡಲೇಬಾರದೋ ಅವರನ್ನೇ ಹುಡುಕಿಕೊಂಡು ಹೋಗಿ ಮಾಡಿದ್ದೆ.

ಎಲ್ಲ ಕೇಳಿಸಿಕೊಂಡ ಅವ್ವ ಮಂಚದ ಮೇಲಿಂದಲೇ ಹೇಳಿದಳು: "ನನ್ನ ಫಿಕರ್ ಮಾಡಬ್ಯಾಡಪಾ. ಮ್ಯಾಲಿನ ಮನಿ ಆದ್ರೂ ನಡೀತೈತಿ. ಒಮ್ಮೆ ಎತ್ತಿ ಮ್ಯಾಲ ಕೂಡಿಸಿಬಿಡ್ರಿ. ಮತ್ತ ನಾ ಯಾಕ ಇಳೀಲಿ?"

ಅವಳು ಅದನ್ನು ಬೇಸರದಿಂದ ಹೇಳಲಿಲ್ಲ. ನನಗೆ ಅನುಕೂಲವಾಗಲಿ ಎಂದು ಹೇಳಿದಳು. ಅಂಗಳ, ಬೀದಿ, ಸಂತೆ ಎಲ್ಲವನ್ನೂ ನನ್ನ ಜಾಣತನಕ್ಕಾಗಿ ಬಿಟ್ಟುಕೊಡಲು ಅವಳು ಸಿದ್ಧಳಾಗಿದ್ದಳು. ನನಗೆ ನಾಚಿಕೆಯಾಯಿತು. ಎದ್ದು ಹೊರಗೆ ಹೋಗಿ ನಿಂತೆ.

ಭಾನುವಾರ ಮಧ್ಯಾಹ್ನ ಆಗಷ್ಟೇ ಟೂರ್ನಮೆಂಟ್ ಶುರುವಾಗಿತ್ತು. ಶಾರದಾ ಸೀರೆ ಬದಲಿಸಿ ಬಂದು ನಿಂತಳು.

"ಕಾಚಿಗುಡಾ ಸ್ಟೇಷನ್‌ಗೆ ಹೋಗಿ ನನ್ನ ತಮ್ಮನ್ನ ಕರಕೊಂಡು ಬರ್ರಿ."

"ಅವಗ ಮನಿ ದಾರಿ ಗೊತ್ತೈತಲ್ಲ?"

"ಗೊತ್ತೈತಿ. ನೀವು ಹೋಗ್ರಿ."

ಆ ದನಿಗೆ ಎದುರಾಡುವ ತಂತ್ರ ಯಾವ ಉಪದೇಶದಲ್ಲೂ ಇಲ್ಲ. ಕಂಪ್ಯೂಟರನ್ನು ಹಾಗೇ ಬಿಟ್ಟು ಹೊರಟೆ. ರೈಲು ತಡವಾಗಿ ಬಂತು. ನನ್ನನ್ನು ಕಂಡ ಭಾವಮೈದ, ಮನೆಯಲ್ಲಿ ಎಲ್ಲರೂ ಆರಾಮಾಗಿದ್ದಾರಲ್ಲ ಎಂದು ಗಾಬರಿಯಿಂದ ಕೇಳಿದ.

ಮರಳಿ ಬಂದಾಗ ಶಾರದಾ ಅಡುಗೆಮನೆಯಲ್ಲಿ ಶಿರಾ ಮಾಡುತ್ತಿದ್ದಳು. ತಾನೇ ಹೋಗಿ ಮಾತಾಡಿ ಬಂದೆನೆಂದೂ, ಲಕ್ಷ್ಮೀಬಾಯಿಯವರ ಮನೆ ನಮಗೇ ಆಯಿತೆಂದೂ ಹೇಳಿದಳು.

"ಏನಂತ ಹೇಳಿದಿ?"

"ಖರೇ ಹೇಳಿದೆ. ನಮಗ ತಾರ್ನಾಕಾದಾಗ ಮನಿನೂ ಇಲ್ಲ ಮಾರೂ ಇಲ್ಲ, ನಿಮ್ಮ ಮನಿ ಭಾಳ ಸೇರೈತಿ, ನಮ್ಮ ಅತ್ತಿಯಾರಿಗೆ ಮೆಟ್ಟಲ ಹತ್ತಾಕ ಆಗಂಗಿಲ್ಲ ಅಂದೆ."

ಎಲ್ಲ ಎಲೆಗಳನ್ನೂ ತೆರೆದು ಎದುರಿನವರ ಮುಂದಿಟ್ಟಿದ್ದಳು! "ಅದಕ್ಕ ಆಕಿ ಏನಂದ್ಲು?"

ಶಾರದಾ ಸೌಟು ಆಡಿಸುವುದನ್ನು ನಿಲ್ಲಿಸಿದಳು. "ನಿಮ್ಮ ಮನಿಯವ್ರಿಗೆ ಸೇರೈತಿ ಅಂತ ನನಗ ಅವತ್ತೇ ಗೊತ್ತಾಗಿತ್ತು, ಮಾರಿ ಮ್ಯಾಲೇ ಕಾಣತಿತ್ತು ಅಂದ್ಲು. ಸೇರಿದ್ದನ್ನ ಸೇರಿಲ್ಲ ಅಂತಾರಲ್ಲ, ನಾಳೆ ಒಂದೇ ಅಂಗಳದಾಗ ಇವರ ಜೋಡಿ ಹ್ಯಾಂಗ ಇರೂದು ಅಂತ ಅಂಜಿಕಿ ಆತು ಅಂದ್ಲು."

ಬ್ಲಫ್ ಮಾಡಿ ನಾನು ಜೀವನದಲ್ಲಿ ಹೆದರಿಸಿದ್ದು ಆ ಒಬ್ಬ ಹೆಂಗಸನ್ನು. ಅದೂ ಮನೆ ಕೊಡಲೆಂದೇ ಚಹಾಕ್ಕೆ ಏಲಕ್ಕಿ ಜಜ್ಜಿ ಕೂತವರನ್ನು! ಸೋತು ಸುಣ್ಣವಾಗಿ ಕಂಪ್ಯೂಟರಿನ ಮುಂದೆ ಹೋದೆ.

ಆಟ ಇನ್ನೂ ನಡೆದಿತ್ತು. ನಾನು ಇನ್ನೂ ಅದರಲ್ಲಿದ್ದೆ! ನಾನು ಇಲ್ಲದಾಗ ಕಂಪ್ಯೂಟರೇ ಪ್ರತಿ ಸಲ ನನ್ನ ಎಲೆ ಕೆಳಗಿಟ್ಟು, ಸರದಿ ಬಂದಾಗ ಕಡ್ಡಾಯದ ಒಂದೆರಡು ಬಿಲ್ಲೆ ಮಾತ್ರ ಕಟ್ಟಿತ್ತು. ಅಷ್ಟರಲ್ಲಿ ಸಾವಿರಾರು ಜನ ಪರಸ್ಪರ ಹೊಡೆದಾಡಿ ಹೊರಬಿದ್ದಿದ್ದರು. ಅಷ್ಟು ಮೇಲಿನ ಸ್ಥಾನಕ್ಕೆ ನಾನು ಹಿಂದೆಂದೂ ಏರಿರಲಿಲ್ಲ. ಶಾರದಾಳನ್ನು ಕೂಗಿ ತೋರಿಸಿದೆ.

"ಇಷ್ಟೊತ್ತು ಯಾರು ಆಡಿದ್ದು?"

"ಯಾರೂ ಇಲ್ಲ."

"ಹಂಗಾರ ಮುಟ್ಟಬ್ಯಾಡ್ರಿ," ಎಂದು ಒಳಗೆ ಹೋದಳು.

ಎಷ್ಟಾದರೂ ನಾನು ಉಪದೇಶಗಳನ್ನು ಓದಿದವನು. ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತೆ, ಬಂದ ಎಲೆಗಳನ್ನು ಅಳೆದು ಸುರಿದು ಆಲೋಚಿಸಿದೆ, ಉಳಿದ ಬಿಲ್ಲೆಗಳನ್ನೆಲ್ಲ ಪಣಕ್ಕೊಡ್ಡಿದೆ. ಆ ಒಂದೇ ಆಟದಲ್ಲಿ ಹೊರಬಿದ್ದೆ!

ಶಿರಾದ ತಟ್ಟೆ ಹಿಡಿದು ಬಂದ ಶಾರದಾ ಬಾಗಿಲಲ್ಲೇ ನಿಂತು ಕೇಳಿದಳು, "ಮುಟ್ಟಿದ್ರೇನ್ರಿ?"

"ಹೂಂ," ಎಂದೆ. ಇಲ್ಲ ಎನ್ನಬಹುದಿತ್ತು. ಆದರೆ ಆಕೆ ಆಗಲೇ ನನ್ನ ಮುಖ ನೋಡಿಬಿಟ್ಟಿದ್ದಳು.