ಮಗ್ಗುಲು ತಿರುಗಿಸುವ ಆನ್‌ಲೈನ್ ಪಾಠ

ಕೈಯಲ್ಲಿ ಮಾಡುವ ಕೆಲಸವನ್ನು ಕಂಪ್ಯೂಟರಿನಲ್ಲಿ ಕಲಿಸಲು ಹೊರಟವರಿಗೆ ದಿನಕ್ಕೊಂದು ಪೇಚು ತಪ್ಪಿದ್ದಲ್ಲ. ನಾನು ಮೈಸೂರಿನಲ್ಲಿ ನರ್ಸಾಗಿದ್ದವಳು. ಈಗ ಅಮೆರಿಕದ ಮಿಲ್ಪಿಟಾಸಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸವನ್ನು ಆನ್‌ಲೈನಿನಲ್ಲಿ ಕಲಿಸುತ್ತೇನೆ. ಎತ್ತುವುದು, ಮಗ್ಗುಲು ತಿರುಗಿಸುವುದು, ಉಣಿಸುವುದು, ಒರೆಸುವುದು, ಎಲ್ಲವೂ ಸ್ಕ್ರೀನಿನ ಮೇಲೆಯೇ. ಒಬ್ಬರ ಬೆನ್ನನ್ನೂ ಮುಟ್ಟದೆ ಬೆನ್ನು ಒರೆಸುವುದನ್ನು ಹೇಳಿಕೊಡುವ ವಿದ್ಯೆ ನನ್ನದು.

ಇಲ್ಲಿ ಹೇಳುವುದೆಲ್ಲ ಒಬ್ಬರೇ ವಿದ್ಯಾರ್ಥಿನಿಯ ಸುದ್ದಿ. ಹತ್ತಿರದ ಸ್ಯಾನ್ ರಮೋನಿನಲ್ಲಿರುವ ಧಾರವಾಡದ ಹೆಂಗಸು, ನನಗಿಂತ ಹಿರಿಯರು. ಎಲ್ಲರಂತೆ ನಾನೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅವರು ಊರಿನ ಶಾಲೆಯ ರೂಢಿಯಂತೆ ನನ್ನನ್ನು ‘ಅಕ್ಕೋರ’ ಎನ್ನುತ್ತಿದ್ದರು. ಉಳಿದವರು ನೌಕರಿಗಾಗಿ ಸೇರಿದರೆ ಕಾಕು ಸೇರಿದ್ದು ಗಂಡನಿಗಾಗಿ. ರಾಯರಿಗೆ ಲಕ್ವ ಹೊಡೆದು, ಬಲಭಾಗವೂ ಮಾತೂ ಒಟ್ಟಿಗೇ ಹೋಗಿ, ನರ್ಸಿಂಗ್ ಹೋಮಿನಲ್ಲಿದ್ದರು. ಮನೆಯಲ್ಲೊಬ್ಬರು ಈ ತರಬೇತಿ ಪಾಸಾದರೆ ಮಾತ್ರ ಕಳಿಸಿಕೊಡುತ್ತೇವೆ ಎಂದಿದ್ದರು ಅಲ್ಲಿಯವರು.

ರಾಯರು ಈಗಿಲ್ಲ. ಮೊನ್ನೆ ಮಾತಾಡಿಸಲು ಹೋದಾಗ ಕಾಕುವೇ, “ಅಳೂದು ಸಾಕಾಗೇದ್ರೀ ಅಕ್ಕೋರ, ನಮ್ಮ ಕ್ಲಾಸಿನ ಸುದ್ದಿ ತಗೀರಿ” ಎಂದರು. ತೆಗೆದೆ. ಇಬ್ಬರೂ ನಕ್ಕೆವು, ನಕ್ಕದ್ದಕ್ಕಿಂತ ಹೆಚ್ಚು ಅತ್ತೆವು.

೧. ಕೋಣೆಯಲ್ಲಿ ಇನ್ನೊಬ್ಬರು

ಮನೆಯಲ್ಲಿ ಅಭ್ಯಾಸ ಮಾಡಲು ರೋಗಿ ಬೇಕಲ್ಲ? ಉದ್ದನೆಯ ಲೋಡು ತೆಗೆದುಕೊಳ್ಳಿ ಎಂದು ನಾನೇ ಹೇಳಿದ್ದೆ. ಕಾಕು ಲೋಡಿಗೆ ರಾಯರ ಸ್ವೆಟರು ತೊಡಿಸಿದರು. ಮೇಲೊಂದು ದಿಂಬಿಟ್ಟು ಮಂಕಿ ಕ್ಯಾಪು ಹಾಕಿದರು, ಕನ್ನಡಕವನ್ನೂ ಏರಿಸಿದರು. ತಿರುಗಿಸುವಾಗ, “ಸಾವಕಾಶ ರೀ, ಹೆದರಬ್ಯಾಡ್ರಿ” ಎಂದು ಅದಕ್ಕೆ ಧೈರ್ಯ ಹೇಳುತ್ತಿದ್ದರು. ಆ ದನಿ ಕೇಳುವಾಗ ಎಷ್ಟೋ ಸಲ ನಾನು ನನ್ನ ಕ್ಯಾಮೆರಾ ಆಫ್ ಮಾಡಿಕೊಂಡಿದ್ದುಂಟು.

ವಾರದ ಪರೀಕ್ಷೆ ಬಂತು. ನಕಲು ಹಿಡಿಯಲು ನಮ್ಮ ಸಂಸ್ಥೆಯವರು ಒಂದು ಸಾಫ್ಟ್‌ವೇರು ಇಟ್ಟಿದ್ದಾರೆ, ಪೊಲೀಸಿನವರಿಗಿಂತ ಹೆಚ್ಚು ಅನುಮಾನ ಅದಕ್ಕೆ. ಎರಡನೇ ಪ್ರಶ್ನೆಗೇ ಕೆಂಪು ಅಕ್ಷರ ಬಂತು: ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಇದ್ದಾರೆ, ಪರೀಕ್ಷೆ ರದ್ದು. ಕ್ಯಾಮೆರಾದಲ್ಲಿ ನೋಡಿದರೆ ಕಾಕುವಿನ ಹಿಂದೆ ಲೋಡು ಕನ್ನಡಕ ಹಾಕಿಕೊಂಡು ಕೂತಿದೆ.

“ಕಾಕು, ಅವರು ನಿಮಗೆ ಉತ್ತರ ಹೇಳಿಕೊಡ್ತಿದ್ದಾರೆ ಅಂತಿದೆ ಕಂಪ್ಯೂಟರು” ಅಂದೆ.

ಕಾಕು ಹಿಂತಿರುಗಿ ಲೋಡನ್ನು ನೋಡಿ ಹೇಳಿದರು: “ಅವರು ಬಾಯಿ ಬಿಟ್ಟು ಹೇಳೂ ಹಂಗಿದ್ರ ನಂಗ್ಯಾಕ ಬೇಕಿತ್ತ್ರೀ ಈ ಪರೀಕ್ಷಾ?”

೨. ಉಪವಾಸದ ಮುದುಕರು

ಆಮೇಲೆ ಸಂಸ್ಥೆಯವರು ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರವೊಂದನ್ನು ಎಲ್ಲರ ಮನೆಗೂ ಕಳಿಸಿದರು. ಹಾಕಿಕೊಂಡರೆ ಎದುರಿಗೇ ಆಸ್ಪತ್ರೆ ಕಾಣುತ್ತದೆ, ಮಂಚದ ಮೇಲೆ ಒಬ್ಬರು ಬಿಳಿಯ ಮುದುಕರು, ಪಕ್ಕದಲ್ಲಿ ಊಟದ ತಟ್ಟೆ. ಮುದುಕರು ಬೇಡ ಅನ್ನುತ್ತಾರೆ. ಮೂರು ಸಲ ಕೇಳಬೇಕು, ಆಗಲೂ ಬೇಡವೆಂದರೆ ನರ್ಸಿಗೆ ತಿಳಿಸಿ ಹೊರಡಬೇಕು. ಪಾಠ ಅಷ್ಟೇ.

ಕಾಕು ಹೊರಡಲಿಲ್ಲ. “ಒಂದ ತುತ್ತು ತಗೋರಿ... ಮಜ್ಜಿಗಿ ಅನ್ನ ಕಲಸ್ಲೇನು?” ಎಂದು ಕನ್ನಡದಲ್ಲಿ ಗೋಗರೆದರು. ಯಂತ್ರ ಕಟ್ಟಿಕೊಂಡೇ ಮಜ್ಜಿಗೆ ತರಲೆಂದು ಎದ್ದವರು ಹೋಗಿ ಫ್ರಿಜ್ಜಿಗೆ ಹಣೆ ಗುದ್ದಿಕೊಂಡರು.

“ಕಾಕು, ಅದು ಬೊಂಬೆ. ಬಿಟ್ಟು ಬನ್ನಿ” ಅಂದೆ.

“ಅಲ್ಲಿ ನರ್ಸಿಂಗ್ ಹೋಮಿನಾಗ ನಮ್ಮನಿಯವರನ್ನೂ ಹಿಂಗ ಬಿಟ್ಟ ಹೋಗ್ತಾರಲ್ಲಾ ಅಕ್ಕೋರ? ಬ್ಯಾಡ ಅನ್ನಾಕೂ ಬಾಯಿಲ್ಲ ಅವರಿಗೆ” ಎಂದರು. ಕಾಕು ಮುದುಕರನ್ನು ಇನ್ನೂ ಕೇಳುತ್ತಿರುವಾಗಲೇ ಯಂತ್ರದ ಬ್ಯಾಟರಿ ಮುಗಿದು ಹೋಯಿತು.

ಮರುದಿನ ನಾನು ಹಲ್ಲುಜ್ಜುವ ಮೊದಲೇ ಫೋನು. “ಅಕ್ಕೋರ, ಆ ಮುದುಕರು ಆಮ್ಯಾಲೆ ಉಂಡ್ರೇನ್ರಿ?”

೩. ರೋಗಿಯ ಹೆಸರು

ಕೊನೆಯ ಪರೀಕ್ಷೆ ನರ್ಸಿಂಗ್ ಹೋಮಿನಲ್ಲೇ, ರಾಯರ ಮೇಲೆಯೇ. ಪಾಸಾದರೆ ರಾಯರು ಮನೆಗೆ, ಇಲ್ಲದಿದ್ದರೆ ಅಲ್ಲೇ. ಪರೀಕ್ಷಕಿ ಅಮೆರಿಕನ್ ನರ್ಸು. ಕಾಕುವಿಗೆ ಭಾಷೆಯ ತೊಡಕಾದರೆ ಇರಲೆಂದು ಟ್ಯಾಬ್ಲೆಟ್ಟಿನೊಳಗೆ ನಾನು. ಕಾಕು ಕೈ ತೊಳೆದರು, ಕೈಗವಸು ಹಾಕಿದರು, ಮಂಚದ ಬ್ರೇಕು ಒತ್ತಿದರು. ಮುಂದಿನದು, ಕೈಪಟ್ಟಿ ನೋಡಿ ರೋಗಿಯ ಹೆಸರನ್ನು ಗಟ್ಟಿಯಾಗಿ ಹೇಳುವುದು. ಅಲ್ಲಿ ನಿಂತೇಬಿಟ್ಟರು.

ಲೋಡಿಗೆ ಯಾವ ಹೆಸರಾದರೂ ನಡೆಯುತ್ತಿತ್ತು. ಗಂಡನ ಹೆಸರನ್ನು ಬರಿದೇ ಹೇಳಿ ಕಾಕುವಿಗೆ ಅಭ್ಯಾಸವಿಲ್ಲ. ಅವರ ಕಡೆ ಮದುವೆ, ಸೀಮಂತದ ಕುಬಸಗಳಲ್ಲಿ ನಾಲ್ಕು ಜನ ಪೀಡಿಸಿದ ಮೇಲೆ ಒಡಪು ಎಂಬ ಪ್ರಾಸದ ಪದ್ಯ ಕಟ್ಟಿ, ಅದರೊಳಗೆ ಹೆಸರನ್ನು ಪೋಣಿಸಿ ಹೇಳಿದರೆ ಉಂಟು.

“ಕಾಕು, ಹೇಳದಿದ್ರೆ ಫೇಲ್ ಮಾಡ್ತಾರೆ!” ಎಂದೆ ಟ್ಯಾಬ್ಲೆಟ್ಟಿನೊಳಗಿಂದ.

“ಹ್ಯಾಂಗ ಹೇಳ್ಲಿ ಅಕ್ಕೋರ? ಇದುರಿಗೇ ಮಲಗ್ಯಾರ.”

ಪರೀಕ್ಷಕಿ ಪೆನ್ನು ಎತ್ತಿದರು. ಕಾಕು ಸೆರಗಿಲ್ಲದ್ದರಿಂದ ಪ್ಲಾಸ್ಟಿಕ್ ಏಪ್ರನ್ನನ್ನೇ ಸರಿಮಾಡಿಕೊಂಡು, ನೆಲ ನೋಡುತ್ತ ಶುರುಮಾಡಿದರು:

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ವಾಸುದೇವರಾಯರ ಕೈ ಬಿಡೂದಿಲ್ಲ ಕೊನೀತನಕ.”

ರಾಯರ ತುಟಿಯ ಎಡತುದಿ ಮೇಲೆದ್ದಿತು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಾನು ಸ್ಕ್ರೀನಿನಲ್ಲಿ ಅಳುತ್ತಿದ್ದೆ. ಪರೀಕ್ಷಕಿ ಕೈಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇಷ್ಟು ಉದ್ದದ ಹೆಸರೇ?” ಎಂದು ಕೇಳಿದರು.

“ಹೌದು, ಧಾರವಾಡದಲ್ಲಿ ಹಾಗೇ” ಅಂದೆ. ಪಾಸು ಮಾಡಿದರು.

೪. ಕಂಪ್ಯೂಟರ್ ಕಟ್ಟಿದ ಒಡಪು

ರಾಯರು ಮನೆಗೆ ಬಂದರು. ಅಲ್ಲಿಂದ ಅವರದು ಒಂದೇ ಹಟ. ಮಗ್ಗುಲು ತಿರುಗಿಸಲು ಕಾಕು ಬಂದರೆ ಮೈ ಬಿಗಿಹಿಡಿದು, ದಿಟ್ಟಿಸಿ ನೋಡುತ್ತಿದ್ದರು. ಒಡಪು ಹೇಳಿದರೆ ಮಾತ್ರ ಮೈ ಸಡಿಲ. ಮಲಗಿದಲ್ಲೇ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ತಿರುಗಿಸಬೇಕು. ಇಡೀ ಧಾರವಾಡ ಜಿಲ್ಲೆಯ ಒಡಪು ತಂದರೂ ಎಷ್ಟು ದಿನ ಬಂದೀತು?

ಬೇಸಿಗೆ ಮುಗಿಯುತ್ತ ಬಂದಿತ್ತು, ರಾಯರೂ ಸೋಲುತ್ತ ಬಂದಿದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ್ದರು. ಕಾಕು ಫೋನು ಮಾಡಿ, “ಒಡಪೆಲ್ಲಾ ತೀರ್ಯಾವ್ರೀ. ಹಳೇವು ಹೇಳಿದ್ರ ಮಾರಿ ಸಿಂಡರಸ್ತಾರ. ನಿಮ್ಮ ಕಂಪ್ಯೂಟರಿಗೆ ಎಲ್ಲಾ ಬರ್ತದಂತಲ್ಲ, ಒಂದು ಕೇಳಿ ನೋಡ್ರಿ” ಎಂದರು.

ಪಾಠದ ಜೊತೆಗೇ, ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಕೊಡುವ ಕಂಪ್ಯೂಟರ್ ಸಹಾಯಕವೊಂದಿದೆ. ಅದಕ್ಕೆ ಬೆಳಗಿನಿಂದ ಸಂಜೆಯವರೆಗೆ ಗೊತ್ತಿರುವುದು ರೋಗಿಯ ಆರೈಕೆಯೊಂದೇ. ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಕಟ್ಟಿಕೊಟ್ಟಿತು:

“ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ,
ವಾಸುದೇವರಾಯರ ಚರ್ಮಕ್ಕೆ ಅದೇ ಸಂರಕ್ಷಣೆ.”

ಬೇಡ ಕಾಕು ಅಂದರೂ ಕೇಳದೆ, ಫೋನಿಗೆ ಕಳಿಸಿಕೊಂಡು ರಾಯರ ಬಳಿಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

“ಏನಾಯ್ತು ಕಾಕು?”

“ಅಕ್ಕೋರ, ಇಷ್ಟ ದಿನ ನಾ ದಮ್ಮ ಹಾಕಿ ಮಗ್ಗಲಾ ಹೊಳ್ಳಸ್ತಿದ್ದೆ. ಇವತ್ತ ಆ ಒಡಪು ಮುಗಿಯೂ ಪುರಸೊತ್ತಿಲ್ಲ, ಎಡಗೈಲೆ ಮಂಚದ ಕಂಬಿ ಹಿಡಕೊಂಡು, ನನಗ ಬೆನ್ನ ಮಾಡಿ, ತಾವೇ ಗ್ವಾಡಿ ಕಡೆ ಹೊಳ್ಳಿ ಮಲಗ್ಯಾರ ನೋಡ್ರಿ!”