ಕುಂಕುಮ ಹಚ್ಚಿಸಿಕೊಂಡ ಯುರೇನಿಯಂ

ನಮ್ಮ ಅಕ್ಕನ ಗಂಡ ಇಪ್ಪತ್ತು ವರ್ಷ ಯುರೇನಿಯಂ ಜೊತೆ ಸಂಸಾರ ಮಾಡಿದರು. ಒಂದು ದಿನವೂ ಅದರ ಮುಖ ನೋಡಲಿಲ್ಲ! ಅವರದೆಲ್ಲ ಪೆನ್ಸಿಲು, ಕಾಗದ, ಕಂಪ್ಯೂಟರಿನ ಲೆಕ್ಕ. ಇದು ಗೊತ್ತಾಗುವವರೆಗೆ, ಮಲ್ಲೇಶ್ವರದ ನಮ್ಮ ಮನೆಗೆ ಭಾವ ಬಂದಾಗಲೆಲ್ಲ ನಾನು ಎರಡು ಕುರ್ಚಿ ಬಿಟ್ಟು ಕೂರುತ್ತಿದ್ದೆ. ವಿಕಿರಣ ಸ್ವಾಮೀ, ವಿಕಿರಣ! ಕೊನೆಗೆ ಕೂದಲು ಉದುರಿದ್ದು ಯಾರದು? ನನ್ನದು. ಅವರ ತಲೆ ಇಂದಿಗೂ ದಟ್ಟ ಕಾಡು.

ಯುರೇನಿಯಂನಂಥ ಭಾರದ ಲೋಹಗಳೊಳಗೆ ಕೆಲವು ಎಲೆಕ್ಟ್ರಾನುಗಳು ತಮ್ಮ ಪರಮಾಣುವಿನಲ್ಲೇ ಕೂತಿರುತ್ತವೋ, ಲೋಹವೆಲ್ಲ ಸುತ್ತುತ್ತವೋ ಎಂಬುದೇ ಭಾವನ ಚಿಂತೆ. ಒಮ್ಮೆ ಅಮ್ಮನಿಗೂ ವಿವರಿಸಿದರು.

“ಸುತ್ತೋವೇ ಅತ್ತೆ, ಲೋಹನ ಬಿಗಿಯಾಗಿ ಹಿಡಿದಿಡೋದು.”

“ಹಂಗಾದ್ರೆ ನಮ್ಮನೆ ಹಿಡಿದಿಟ್ಟಿರೋನು ಊರೆಲ್ಲ ಸುತ್ತೋ ಇವನೇ,” ಎಂದು ಅಮ್ಮ ಸೌಟಿನಿಂದ ನನ್ನನ್ನು ತೋರಿಸಿದಳು.

ಒಂದು ವರ್ಷ ಭಾವ ಮೂರು ತಿಂಗಳು ಕಾದ ಮೇಲೆ ಕಂಪ್ಯೂಟರಿನಲ್ಲಿ ಅವರ ಸರದಿ ಬಂದಿತ್ತು. ಉತ್ತರ ಕೈಗೆ ಸಿಕ್ಕ ಮರುದಿನವೇ ಬೊಂಬಾಯಿಯ ಸಮ್ಮೇಳನಕ್ಕೆ ರೈಲು ಹತ್ತಬೇಕು. ಆಗಿನ ಕಂಪ್ಯೂಟರಿಗೆ ಲೆಕ್ಕವನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಉಣಿಸಬೇಕಿತ್ತು. ಆಯುಧಪೂಜೆಗೆಂದು ಬಂದ ಭಾವ, ಆರುನೂರು ಕಾರ್ಡುಗಳ ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು, ಬೂದುಗುಂಬಳಕಾಯಿ ತರಲು ಅಕ್ಕನೊಡನೆ ಮಾರ್ಕೆಟ್ಟಿಗೆ ಹೋದರು.

ಅಂದು ಈಳಿಗೆಮಣೆಯನ್ನೇ ಪೂಜಿಸದೆ ಬಿಡದ ನಮ್ಮಮ್ಮ ಅಳಿಯನ ಆಯುಧವನ್ನು ಬಿಟ್ಟಾಳೇ?

“ಮೇಲಿನ ಒಂದಕ್ಕೆ ಬೊಟ್ಟಿಟ್ರೆ ಸಾಕಲ್ವೇನಮ್ಮಾ?”

“ಒಂದಕ್ಕಿಟ್ಟು ಮಿಕ್ಕಿದ್ದಕ್ಕೆ ಬಿಟ್ರೆ ಅವಕ್ಕೆ ಬೇಜಾರಾಗಲ್ವೇನೋ?”

ನೀರಲ್ಲಿ ಕಲಸಿದ ಕುಂಕುಮ, ಆರುನೂರು ಬೊಟ್ಟು! ಕಾರ್ಡುಗಳ ಕ್ರಮ ತಪ್ಪಿದರೆ ಲೆಕ್ಕವೇ ಕೆಡುತ್ತದೆಂದು ಕೇಳಿದ್ದ ನಾನು, ಒಂದೊಂದನ್ನೇ ಎತ್ತಿಕೊಟ್ಟು ಮತ್ತೆ ಹಾಗೆಯೇ ಜೋಡಿಸಿದೆ. ಮುಚ್ಚಳವನ್ನೂ ಭದ್ರವಾಗಿ ಹಾಕಿದೆ. ಎಂಥ ಜಾಗರೂಕ ಮನುಷ್ಯ ನೋಡಿ!

ಹಬ್ಬ ಮುಗಿಸಿ ಹೋದ ಭಾವ ಕಂಪ್ಯೂಟರಿನ ಮುಂದೆ ಪೆಟ್ಟಿಗೆ ತೆರೆದರೆ, ಕಾರ್ಡುಗಳು ಉಬ್ಬಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿ ಉಣಿಸಿದರೆ ಯಂತ್ರ ನಾಲ್ಕನ್ನು ನುಂಗಿ, ಗಂಟಲಿಗೆ ಸಿಕ್ಕಿ ನಿಂತೇ ಹೋಯಿತು; ಭಾವನ ಸರದಿಯೂ ಅಲ್ಲಿಗೇ ಮುಗಿಯಿತು. ಆಪರೇಟರ್ ಕೇಳಿದನಂತೆ: “ಸಾರ್, ಇದು ಪ್ರೋಗ್ರಾಮಾ, ಮದುವೆ ಕರೆಯೋಲೆನಾ?”

ಸಂಜೆ ಅಮ್ಮ ಬಾಗಿಲಲ್ಲೇ ಕಾದಿದ್ದಳು. “ಹೇಗಾಯ್ತು ಲೆಕ್ಕ?”

ನಾನು ಕಂಬದ ಹಿಂದೆ. ಭಾವ ಅಮ್ಮನ ಬೆರಳುಗಳನ್ನೇ ನೋಡುತ್ತಿದ್ದರು. ಕೆಂಪು ಇನ್ನೂ ಮಾಸಿರಲಿಲ್ಲ.

“ಚೆನ್ನಾಗಾಯ್ತು ಅತ್ತೆ.”

ಗೇಟಿನವರೆಗೆ ಅವರ ಹಿಂದೆ ಓಡಿದೆ. “ಭಾವ, ಬೊಂಬಾಯಿ?”

“ಮುಂದೆ ನೋಡೋಣ ಬಿಡೋ. ಎಲೆಕ್ಟ್ರಾನ್ ಎಲ್ಲಿಗ್ ಹೋಗ್ತವೆ?”

“ಅದನ್ನೇ ಅಲ್ವಾ ನೀವು ಕಂಡುಹಿಡೀತಿರೋದು?”

ಅವರು ನಕ್ಕರು. ನನಗೆ ಆಗಲಿಲ್ಲ. ಬೊಂಬಾಯಿಗೆ ಆ ಸಲ ಬೇರೆ ಯಾರೋ ಹೋದರು.

ಮರುವರ್ಷ ಆಯುಧಪೂಜೆಗೆ ನೋಡಿದರೆ, ಭಾವ ಮತ್ತೆ ಪೆಟ್ಟಿಗೆ ಹಿಡಿದೇ ಬಂದಿದ್ದಾರೆ! “ಬೇಡಿ ಭಾವ!” ಎಂದು ಪಿಸುಗುಟ್ಟಿದೆ, ಕಣ್ಣು ಹೊಡೆದೆ, ಕೆಮ್ಮಿದೆ. ಅವರು ಕೇಳಿಸದವರಂತೆ ಅಮ್ಮನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ತಾವೇ ಒಂದೊಂದು ಕಾರ್ಡು ಎತ್ತಿಕೊಡತೊಡಗಿದರು.

ಅಮ್ಮ ಒಂದನ್ನು ಬೆಳಕಿಗೆ ಹಿಡಿದಳು. “ಈ ಸಲ ಒಂದೂ ತೂತಿಲ್ವಲ್ಲ?”

“ಹೊಸ ಲೆಕ್ಕ ಅತ್ತೆ. ಮೊದಲು ನಿಮ್ಮ ಕೈಯಿಂದ ಶುರುವಾಗ್ಲಿ ಅಂತ,” ಎಂದ ಭಾವ, ಮುಂದಿನ ಕಾರ್ಡು ಎತ್ತಿಕೊಟ್ಟರು.